ಬಾರ್ ಮುಚ್ಚುವ ದಿನಗಳು

೧೪ ಆಗಸ್ಟ್ ೧೯೭೪, ಬುಧವಾರ

ಹತ್ತಕ್ಕೆ ಐಸ್ ಬಂತು. ನಾಲ್ಕು ಗಡ್ಡೆ, ಒಂದು ಅರ್ಧ ಕರಗಿತ್ತು. ಗ್ಲಾಸು ತೊಳೆದು ಒರೆಸುವಷ್ಟರಲ್ಲಿ ಹನ್ನೆರಡು. ಚಂಪಾ ಬಂದು ಬಾಗಿಲ ಬಳಿಯ ಮೇಜಿಗೆ ಕೂತಳು. ಗಿರಾಕಿಯ ಕುಡಿಯುವ ಪರ್ಮಿಟ್ ನೋಡಿ, ನಂಬರ್ ಬರೆದುಕೊಂಡು ಒಳಗೆ ಬಿಡುವುದು ಅವಳ ಕೆಲಸ. ಕೌಂಟರಿನಲ್ಲಿ ಪೆಗ್ ಅಳೆಯುವುದು ನನ್ನದು. ನಡುವೆ ಹದಿನಾಲ್ಕು ಹೆಜ್ಜೆ. ಎರಡು ವರ್ಷದಲ್ಲಿ ಬಾರಿನೊಳಗೆ ಕೆಲಸದ್ದಲ್ಲದ ಒಂದು ಮಾತೂ ಆಡಿಲ್ಲ. ನಾಲ್ಕಕ್ಕೆ ಅವಳಿಗೆ ಉಪ್ಪಿಲ್ಲದ ಲಿಂಬು ಸೋಡಾ ಕಳಿಸುತ್ತೇನೆ. ಅದು ಎದ್ದು ಕಾಣಬಾರದೆಂದು ಎಲ್ಲರಿಗೂ ಕಳಿಸುತ್ತೇನೆ.

ಹೋದ ವರ್ಷ ನಮ್ಮ ಬಾರಿನ ಟೆಲಿಫೋನ್ ಹುಡುಗಿ ಒಬ್ಬ ವೇಟರ್ ಜೊತೆ ಸಿನಿಮಾಕ್ಕೆ ಹೋದದ್ದು ಗೊತ್ತಾಯಿತು. ಮ್ಯಾನೇಜರ್ ಗದಿಗೆಪ್ಪ ಕಾಕಾ ಅವತ್ತೇ ಅವಳನ್ನು ಕೆಲಸ ಬಿಡಿಸಿದರು. ಹುಡುಗ ಉಳಿದ. ಚಂಪಾಳ ಕೆಲಸ ಹೋದರೆ ಅಂಧೇರಿಯಲ್ಲಿ ಅವಳ ತಾಯಿ, ಇಬ್ಬರು ತಂಗಿಯರು ಉಪವಾಸ.

ನಾಳೆ ಡ್ರೈ ಡೇ, ಬಾರ್ ಮುಚ್ಚಿರುತ್ತದೆ.

೧೫ ಆಗಸ್ಟ್, ಗುರುವಾರ

ಚೌಪಾಟಿ. ಸಮುದ್ರದ ದಂಡೆಯಲ್ಲಿ ಚಂಪಾ, ನಾನು ಮೂರು ತಾಸು. ನಮ್ಮಲ್ಲಿ ಒಂದು ದಿನಕ್ಕೆ ಒಬ್ಬರಿಗೆ ಮಾತ್ರ ರಜೆ. ಆದ್ದರಿಂದ ಜನವರಿ ಇಪ್ಪತ್ತಾರರ ನಂತರ ಈಗಲೇ ಒಟ್ಟಿಗೆ ಕೂತದ್ದು. ಇಬ್ಬರಿಗೂ ದಣಿವು. ಅವಳು ನನ್ನ ಹೆಗಲಿಗೆ ಒರಗಿ ನಿದ್ದೆ ಹೋದಳು. ಎಬ್ಬಿಸಲಿಲ್ಲ. ಎದ್ದವಳು ಬೈದಳು.

"ವರ್ಷಕ್ಕೆ ಮೂರು ದಿನ ಸಿಗತಾವ, ಅದರಾಗ ಒಂದು ನಿದ್ದಿಗೆ ಗಯಾ! ಉಠಾಯಾ ಕ್ಯೂಂ ನಹೀ?"

ಅವಳ ಕನ್ನಡ ಹೀಗೇ, ಹಿಂದಿ ಬೆರೆತದ್ದು. ನಾನು ಮದುವೆಯ ಮಾತು ತೆಗೆದೆ. ಜಾತಿ ಬೇರೆ, ಮದುವೆ ಮಾಡಿಸಲು ನಮ್ಮ ಅಯ್ಯನೂ ಬರುವುದಿಲ್ಲ, ಅವರ ಭಟ್ಟನೂ ಬರುವುದಿಲ್ಲ. ಉಳಿದದ್ದು ರಿಜಿಸ್ಟರ್ ಮದುವೆ. "ಚಲೇಗಾ, ಆಗಲಿ" ಎಂದಳು.

೨೮ ಆಗಸ್ಟ್, ಬುಧವಾರ

ಇವತ್ತು ನನ್ನ ರಜೆ. ಚಂಪಾ ಡ್ಯೂಟಿಗೆ ಮೊದಲು ಫೋರ್ಟಿನ ರಿಜಿಸ್ಟ್ರಾರ್ ಆಫೀಸಿಗೆ ಬಂದಳು. ಮದುವೆ ನೋಟೀಸಿನ ಅರ್ಜಿ ಕೊಟ್ಟೆವು. ಗುಮಾಸ್ತ ಹೇಳಿದ್ದು: ಮೂವತ್ತು ದಿನ ನೋಟೀಸು ಬೋರ್ಡಿನ ಮೇಲಿರುತ್ತದೆ. ಆಮೇಲೆ ಯಾವ ದಿನವಾದರೂ ಮಧ್ಯಾಹ್ನ ಎರಡರ ನಂತರ ಬರಬಹುದು. ಮೂವರು ಸಾಕ್ಷಿ ಬೇಕು. ಮೂರು ತಿಂಗಳಾದರೆ ನೋಟೀಸು ರದ್ದು.

ದಿನಾ ಮಧ್ಯಾಹ್ನ ಎರಡಕ್ಕೆ ಅವಳು ಮೇಜಿನಲ್ಲಿ, ನಾನು ಕೌಂಟರಿನಲ್ಲಿ. ಲೆಕ್ಕ ಹಾಕಿದೆ. ಮುಂದಿನ ಡ್ರೈ ಡೇ ಅಕ್ಟೋಬರ್ ಎರಡು. ಮೂವತ್ತೈದನೆಯ ದಿನ. ಸರಿಯಾಗಿ ಕೂಡುತ್ತದೆ.

ಒಂದೇ ಹೆದರಿಕೆ. ಅಬಕಾರಿ ಆಫೀಸು ಅದೇ ಕಟ್ಟಡದ ಮೇಲಿನ ಮಹಡಿ. ಲೈಸೆನ್ಸ್ ಕಾಗದ ಹಿಡಿದು ಗದಿಗೆಪ್ಪ ಕಾಕಾ ಆಗಾಗ ಹೋಗುತ್ತಾರೆ. ಮೆಟ್ಟಿಲ ಪಕ್ಕದಲ್ಲೇ ಬೋರ್ಡು.

೯ ಸೆಪ್ಟೆಂಬರ್, ಸೋಮವಾರ

ಕಾಕಾ ಫೋರ್ಟಿಗೆ ಹೋಗಿ ಬಂದರು. ನೀರು ಕೇಳಿದರು. ಕೊಟ್ಟೆ. ಬೋರ್ಡು ನೋಡಿದರೋ ಇಲ್ಲವೋ, ತಿಳಿಯಲಿಲ್ಲ. ರಾತ್ರಿ ಚಾಳಿನವರಿಗೆ ಪೇಪರ್ ಓದಿ ಹೇಳಲಾಗಲಿಲ್ಲ ಇವತ್ತು.

೧ ಅಕ್ಟೋಬರ್, ಮಂಗಳವಾರ

ಕುರ್ಲಾದ ನಮ್ಮ ಚಾಳಿನಿಂದ ಮೂವರು ಸಾಕ್ಷಿ ಸಿದ್ಧ. ಪಕ್ಕದ ಖೋಲಿಯ ಖಂಡಪ್ಪ, ಅವನ ಹೆಂಡತಿ ಚಂದ್ರವ್ವ, ಕೆಳಗಿನ ಅಣವೀರಪ್ಪ. ನಾಳೆ ಮಿಲ್ಲಿಗೂ ರಜೆ. ಹಾಜರಿ ತಪ್ಪುವುದಿಲ್ಲ ಎಂದು ಖುಷಿ ಅವರಿಗೆ. ಅಂಗಿ ಇಸ್ತ್ರಿ ಮಾಡಿಸಿದೆ.

೨ ಅಕ್ಟೋಬರ್, ಬುಧವಾರ

ಆಫೀಸಿಗೆ ಬೀಗ.

ಎರಡಕ್ಕೆ ಐದು ನಿಮಿಷವಿತ್ತು. ಚಂಪಾ ಹಸಿರು ಸೀರೆ ಉಟ್ಟಿದ್ದಳು. ವಾಚ್‌ಮನ್ ಸ್ಟೂಲಿನಿಂದ ಏಳಲೂ ಇಲ್ಲ. "ಆಜ್ ಗಾಂಧೀ ಜಯಂತಿ ಹೈ, ಭಾಯ್. ಸರ್ಕಾರ್ ಬಂದ್."

ಬಾರ್ ಮುಚ್ಚುವುದು ಸರ್ಕಾರ ಮುಚ್ಚುವುದರಿಂದ. ಎಂಟು ವರ್ಷ ಪೇಪರ್ ಓದಿದವನಿಗೆ ಹೊಳೆಯಲಿಲ್ಲ. ಡ್ರೈ ಡೇ ಎಂದರೆ ನಮಗೆ ಬಿಡುವಿನ ದಿನ, ಅಷ್ಟೇ ತಲೆಯಲ್ಲಿತ್ತು. ಅವಳಿಗೂ ಹೊಳೆದಿರಲಿಲ್ಲ.

ಚಂದ್ರವ್ವ ಸೆರಗಿನಲ್ಲಿ ಅಕ್ಷತೆ ಕಟ್ಟಿಕೊಂಡು ಬಂದಿದ್ದಳು. "ಸಾಯಬಣ್ಣ, ಊರ ಮಂದಿಗೆಲ್ಲಾ ಪೇಪರ್ ಓದಿ ಹೇಳ್ತೀಯಲ್ಲಪಾ. ಮನ್ಯಾಗಿನ ಕ್ಯಾಲೆಂಡರ್ ನೋಡಾಕ ಏನಾಗಿತ್ತು? ಕೆಂಪಗ ಬರದಿತ್ತಲ್ಲ!"

ಎಲ್ಲರೂ ನಕ್ಕರು. ಚಂಪಾನೂ ನಕ್ಕಳು. ಉಡುಪಿ ಹೋಟೆಲಿನಲ್ಲಿ ಐದು ಜನ ಇಡ್ಲಿ ತಿಂದೆವು. ಲೋಕಲ್ ಟ್ರೇನಿನಿಂದ ದಾದರಿನಲ್ಲಿ ನಾನಿಳಿದೆ. ಅವಳು ಲೇಡೀಸ್ ಡಬ್ಬಿಯ ಕಿಟಕಿಯಲ್ಲಿ ಮುಖ ಆಚೆ ತಿರುಗಿಸಿಕೊಂಡಿದ್ದಳು.

೨೧ ಅಕ್ಟೋಬರ್, ಸೋಮವಾರ

ಹತ್ತೊಂಬತ್ತು ದಿನ ಬರೆದಿಲ್ಲ. ಬರೆಯುವಂಥದ್ದೂ ಇಲ್ಲ. ಐಸ್, ಗ್ಲಾಸು, ಸೋಡಾ. ಕಾಲು ನೋವು.

ಮುಂದಿನ ಡ್ರೈ ಡೇಗಳ ಪಟ್ಟಿ ಮಾಡಿದೆ. ಎಲ್ಲವೂ ಸರ್ಕಾರಿ ರಜೆ. ನಮಗೆ ಬಿಡುವಿದ್ದ ದಿನ ಆಫೀಸಿಲ್ಲ, ಆಫೀಸಿದ್ದ ದಿನ ಬಿಡುವಿಲ್ಲ. ಬಾರಿನ ಮಾಲೀಕ ಶೇಟ್‌ನ ಮುದಿತಾಯಿ ಆಸ್ಪತ್ರೆಯಲ್ಲಿದ್ದಾರೆ. ತೀರಿಹೋದರೆ ಬಾರ್ ಒಂದು ದಿನ ಮುಚ್ಚುತ್ತದೆ ಎಂದು ಒಂದು ಕ್ಷಣ ಯೋಚಿಸಿದೆ. ನನ್ನ ಬಗ್ಗೆ ನನಗೇ ಹೇಸಿಗೆ.

ಪರ್ಮಿಟ್ ಚೀಟಿಯ ಹಿಂದೆ ಚಂಪಾ ಪೆನ್ಸಿಲಿನಲ್ಲಿ ಬರೆದು ಕಳಿಸಿದ್ದಳು — ೩೭. ನೋಟೀಸಿಗೆ ಉಳಿದ ದಿನಗಳು.

೧೯ ನವೆಂಬರ್, ಮಂಗಳವಾರ

ಶೇಟ್‌ನ ತಾಯಿ ಗುಣವಾಗಿ ಮನೆಗೆ ಬಂದರು. ಸಮಾಧಾನವಾಯಿತು. ನಿಜವಾಗಿ.

ಗಿರಾಕಿ ಕಡಿಮೆಯಿದ್ದ ಹೊತ್ತು ನೋಡಿ ಕಾಕಾನ ಬಳಿ ಹೋದೆ.

"ಕಾಕಾ, ಇಪ್ಪತ್ತೇಳಕ್ಕ ರಜಾ ಬೇಕಾಗಿತ್ರಿ."

"ಅವತ್ತು ಚಂಪಾ ಕೇಳ್ಯಾಳ. ದಿನಕ್ಕ ಒಬ್ಬರು."

"ಗೊತ್ತೈತ್ರಿ. ಅದಕ್ಕ..."

ಕನ್ನಡಕ ತೆಗೆದು ಒರೆಸಿದರು. "ಬೋರ್ಡಿನ ಮ್ಯಾಲ ನಿನ್ನ ಹೆಸರು ಓದಿ ಎರಡು ತಿಂಗಳ ಮ್ಯಾಲಾತು. ವಯಸ್ಸು ಇಪ್ಪತ್ತಾರು ಅಂತ ಬರಸೀಯಲ್ಲೊ ಮಗನ! ನೀ ಹುಟ್ಟಿದಾಗ ನಿಮ್ಮ ಮನ್ಯಾಗ ಪೇಡೆ ತಿಂದಾಂವ ನಾನು. ಇಪ್ಪತ್ತೇಳು ತುಂಬ್ಯಾವ ನಿನಗ."

"ಮತ್ತ ಸುಮ್ಮಕಿದ್ದಿರಿ?"

"ಕಂಡ್ರ ಒಬ್ಬರನ್ನ ಬಿಡಸಬೇಕು. ಅದಕ್ಕ ಕಾಣಲಿಲ್ಲ ಅಂತ ಇದ್ದೆ. ಈಗ ನೀನ ಬಂದು ಕಾಣಿಸಿದಿ." ಚಂಪಾಳ ಕಡೆ ನೋಡಿದರು. ಅವಳು ತಲೆ ತಗ್ಗಿಸಿ ನಂಬರ್ ಬರೆಯುತ್ತಿದ್ದಳು. "ಹೋದ ವರ್ಷ ಆ ಹುಡುಗಿನ್ನ ಕಳಿಸಿದೆ. ಇನ್ನೂ ನಿದ್ದಿ ಬರೂದಿಲ್ಲ ನನಗ. ಹೇಳು. ಯಾರು ಕೆಲಸ ಬಿಡ್ತೀರಿ?"

"ನಾನು."

"ಅಕಿನ್ನ ಕೇಳಿಯೇನು?"

"ಇಲ್ರಿ."

"ಕೇಳಬ್ಯಾಡ. ಅಕಿ ತಾನ ಬಿಡ್ತೀನಿ ಅಂತಾಳ."

ಇಪ್ಪತ್ತಾರು ಕೊನೆಯ ದಿನ ಎಂದು ಹೇಳಿದರು. ನಾಲ್ಕಕ್ಕೆ ಎಲ್ಲರಿಗೂ ಸೋಡಾ ಕಳಿಸಿದೆ.

೨೬ ನವೆಂಬರ್, ಮಂಗಳವಾರ

ಕೌಂಟರಿನ ಲೆಕ್ಕ ಕಾಕಾಗೆ ಒಪ್ಪಿಸಿದೆ. ಚಂಪಾಗೆ ಇವತ್ತು ಗೊತ್ತಾಯಿತು, ವೇಟರುಗಳ ಬಾಯಿಂದ. ಹದಿನಾಲ್ಕು ಹೆಜ್ಜೆ ದಾಟಿ ಬಂದು, ಎಲ್ಲರೆದುರೇ ಹೇಳಿದಳು — "ನೀವು ಪಾಗಲ್ ಅದೀರಿ." ಮತ್ತೆ ಹೋಗಿ ಕೂತಳು. ಬಾರಿನೊಳಗೆ ಅವಳು ನನಗೆ ಹೇಳಿದ ಮೊದಲ ಸ್ವಂತ ಮಾತು.

೨೭ ನವೆಂಬರ್, ಬುಧವಾರ. ಮಧ್ಯಾಹ್ನ ೧-೪೫

ಆಫೀಸು ತೆರೆದಿದೆ. ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಚಂಪಾ ಬಂದಿದ್ದಾಳೆ, ಅದೇ ಹಸಿರು ಸೀರೆ. ಖಂಡಪ್ಪ ಹಾಜರಿ ಬಿಟ್ಟು ಬಂದ. ಚಂದ್ರವ್ವ ಇದ್ದಾಳೆ. ಅಣವೀರಪ್ಪನನ್ನು ಮಿಲ್ಲಿನಲ್ಲಿ ಬಿಡಲಿಲ್ಲ. ಇಬ್ಬರೇ ಸಾಕ್ಷಿ. ಮೂವರು ಬೇಕು. ನಾಳೆಗೆ ನೋಟೀಸು ರದ್ದು.

೨-೧೦

ವಾಚ್‌ಮನ್‌ನನ್ನು ಕೇಳಿದೆ. ಸರ್ಕಾರಿ ಆಳು, ಸಹಿ ಹಾಕುವಂತಿಲ್ಲವಂತೆ. ಖಂಡಪ್ಪ ರಸ್ತೆಗಿಳಿದು ಬಂದು ಹೋಗುವವರನ್ನು ಕೇಳುತ್ತಿದ್ದಾನೆ. ಯಾರೂ ನಿಲ್ಲುತ್ತಿಲ್ಲ. ಚಂಪಾ ನನ್ನ ತೋಳು ಹಿಡಿದಿದ್ದಾಳೆ.

೨-೨೫

ಮೆಟ್ಟಿಲ ಬಳಿ ಗದಿಗೆಪ್ಪ ಕಾಕಾ. ಕೈಯಲ್ಲಿ ಲೈಸೆನ್ಸಿನ ಫೈಲು ಇಲ್ಲ. ಬಾರಿನ ಬೀಗದ ಕೈ ಇದೆ.

"ಪರ್ಮಿಟ್ ಮೇಜಿಗೆ ಅಕಿ ಇಲ್ಲ, ಕೌಂಟರಿಗೆ ನೀ ಇಲ್ಲ. ಬಾಗಲಾ ತಗದು ನಾ ಒಬ್ಬಾಂವ ಏನ್ ಮಾಡಲಿ? ನಾಕರ ತನಕ ಡ್ರೈ ಡೇ ಅಂತ ಬೋರ್ಡ್ ಹಾಕಿ ಬಂದೀನಿ."

ಕೆಲಸದ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಅದು ಮುಗಿದಿದೆ.

ಗುಮಾಸ್ತ ಹೆಸರು ಕೂಗುತ್ತಿದ್ದಾನೆ. ಚಂದ್ರವ್ವ ಸೆರಗಿನ ಗಂಟು ಬಿಚ್ಚುತ್ತಿದ್ದಾಳೆ. ಮೂರನೆಯ ಸಹಿ ಎಲ್ಲಿ ಹಾಕಬೇಕು ಎಂದು ಕೇಳುತ್ತಾ ಕಾಕಾ ಜೇಬು ತಡಕುತ್ತಿದ್ದಾರೆ, ಪೆನ್ನಿಲ್ಲ. ನನ್ನ ಪೆನ್ನು ಕೇಳುತ್ತಿ—