ಏಳು ಗಂಟೆಯ ಬ್ರ್ಯಾಂಚ್

ಜೂನ್ 16, ಬೆಳಗ್ಗೆ

ಮತ್ತೆ ತಾಳೆಯಾಗಲಿಲ್ಲ. ಮೂರನೆಯ ಸಲ. ಮಳೆ ಅಳೆಯುವ ನಮ್ಮ ಯಂತ್ರ 14ಕ್ಕೆ ಸೊನ್ನೆ ಮಳೆ ಅನ್ನುತ್ತದೆ. ಎಸ್ಟೇಟಿನ ಕೆಲಸದ ಮುನಿಯಮ್ಮ ಬರೆಯುವ ಮಳೆ ಪುಸ್ತಕದಲ್ಲಿ 14ಕ್ಕೆ 1 ಇಂಚು 40 ಸೆಂಟ್; ನೂರು ಸೆಂಟ್ ಅಂದರೆ ಒಂದು ಇಂಚು. 15ಕ್ಕೆ ಪೂರ್ತಿ ಉಲ್ಟಾ. ಸುರಿದದ್ದು 15ರ ಬೆಳಗಿನ ಜಾವ ಮೂರಕ್ಕೆ — ನಾನೇ ಎದ್ದು ಕಿಟಕಿ ಹಾಕಿದ್ದೇನೆ!

ಮೂವತ್ತೊಂದು ವರ್ಷದಿಂದ ಅಳೆಯುತ್ತಾರಂತೆ. ತಪ್ಪಾಗಿಯೇ ಅಳೆದಿರಬೇಕು. ಸುಬ್ಬಯ್ಯ ಮಾವನಿಗೆ ಹೇಳಿಬಿಟ್ಟೆ. ಎಸ್ಟೇಟ್ ಅವರದು, ಉಪದೇಶ ನನ್ನದು.

ಜೂನ್ 17

ಇನ್ನು ಮೇಲೆ ಯಂತ್ರದ ಲೆಕ್ಕವೇ ಸಾಕು ಎಂದರು ಮಾವ. ಪುಸ್ತಕಕ್ಕೂ ಅದನ್ನೇ ನಾನು ಬರೆಯಬೇಕು. ಮುನಿಯಮ್ಮನನ್ನು ಕಳೆ ತೆಗೆಯಲು ಹಾಕಿದರು. ಆಕೆ ಅಳತೆ ಗಾಜನ್ನು ಸೆರಗಿನಿಂದ ಒರೆಸಿ, ಮೇಜಿನ ಮೇಲಿಟ್ಟು ಹೋದರು.

ಸ್ವಲ್ಪ ಕಸಿವಿಸಿ. ಸ್ವಲ್ಪವೇ.

ಜೂನ್ 29

ಮೂರು ದಿನ ಯಂತ್ರ ಸತ್ತಿತ್ತು. ಬ್ಯಾಟರಿಗೆ ನೀರು. ನಮ್ಮೂರು ದೋಣಿಗಲ್ಲಿನ ಮಳೆ ಅಳೆಯಲು ಹೊರಟ ಯಂತ್ರಕ್ಕೆ ಆ ಮಳೆಯನ್ನೇ ತಡೆಯಲಾಗಲಿಲ್ಲ... ಪಾಳ್ಯದಿಂದ ಅಭಿಷೇಕ್ ಬಂದು ಸರಿಮಾಡಿದ. ಯಂತ್ರ ಕಟ್ಟಿದ್ದು ಅವನು, ಅದರ ಲೆಕ್ಕ ಹಾಕುವ ಕೋಡ್ ನನ್ನದು. ಕೋಡ್ ಓಪನ್ ಸೋರ್ಸ್, ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು.

ಪುಸ್ತಕದಲ್ಲಿ 26, 27, 28 ಖಾಲಿ.

ಜುಲೈ 3

ಇಳಿಸಿಕೊಂಡವರು ಓಡಿಸಿ ನೋಡುವ ಉದಾಹರಣೆ ಕೋಡ್‌ಗೆ ನಿಜವಾದ ಅಂಕಿ ಬೇಕು. ಮುನಿಯಮ್ಮನ ಹಳೆಯ ಪುಸ್ತಕಗಳನ್ನು ಟೈಪ್ ಮಾಡಲು ಕೂತೆ. ಮೂವತ್ತೊಂದು ಪುಸ್ತಕ. ಒಂದು ದಿನವೂ ಬಿಟ್ಟಿಲ್ಲ. ಮಳೆಯಿಲ್ಲದ ದಿನಕ್ಕೂ ದುಂಡಗಿನ ಸೊನ್ನೆ. ಹಬ್ಬ, ಜ್ವರ, ಬಂದ್ — ಯಾವುದೂ ತಡೆದಿಲ್ಲ. ಪುಟ ತಿರುಗಿಸುತ್ತ ತಿರುಗಿಸುತ್ತ ಟೈಪ್ ಮಾಡುವುದೇ ಮರೆತೆ.

ಇಷ್ಟು ವರ್ಷದಲ್ಲಿ ಮೊದಲ ಖಾಲಿ ಸಾಲು ನನ್ನಿಂದ ಬಂದದ್ದು.

ಜುಲೈ 4, ಮಧ್ಯಾಹ್ನ

ಹಗಲು ಸುರಿದ ಮಳೆ ಎರಡರಲ್ಲೂ ತಾಳೆಯಾಗುತ್ತದೆ. ಮಧ್ಯರಾತ್ರಿ ಕಳೆದ ಮೇಲಿನದು ಮಾತ್ರ ತಪ್ಪುತ್ತದೆ. ಯಾಕೆ?

ಮುನಿಯಮ್ಮನ ದಿನ ಏಳಕ್ಕೆ ಶುರು! ಬೆಳಗ್ಗೆ ಏಳಕ್ಕೆ ಅಳೆದು, ಹಿಂದಿನ ದಿನದ ಹೆಸರಿಗೆ ಬರೆಯುವುದು. ನನ್ನ ಕೋಡ್ ಮಧ್ಯರಾತ್ರಿಗೆ ದಿನ ಕತ್ತರಿಸುತ್ತದೆ. ಕೋಡ್‌ನಲ್ಲಿ ದಿನವನ್ನು ಏಳು ಗಂಟೆ ಜರುಗಿಸಿ ಓಡಿಸಿದೆ. ಜೂನ್ 1ರಿಂದ 16... ಹದಿನಾರೂ ದಿನ ತಾಳೆ. ಹೆಚ್ಚೆಂದರೆ ಎರಡು ಸೆಂಟ್ ವ್ಯತ್ಯಾಸ.

ಮೊದಲು ಖುಷಿ. ಆಮೇಲೆ ನಾಚಿಕೆ. ಹೋಗಿ ಕೇಳಿದ್ದರೆ ಒಂದೇ ಮಾತಿನಲ್ಲಿ ಹೇಳುತ್ತಿದ್ದರು. ಕೇಳಲಿಲ್ಲ ನಾನು.

ಜುಲೈ 5, ಬೆಳಗ್ಗೆ

ಈಗ ಉದಾಹರಣೆ ಕೋಡ್‌ಗೆ ಎರಡು ಬ್ರ್ಯಾಂಚ್, ಅಂದರೆ ಎರಡು ಕವಲು: ಮಧ್ಯರಾತ್ರಿಯದು, ಏಳು ಗಂಟೆಯದು. ಡೀಫಾಲ್ಟ್, ಅಂದರೆ ಆರಿಸದಿದ್ದರೂ ತಾನಾಗಿ ಸಿಗುವುದು, ಯಾವುದು? ನಾಳೆ ಪಾಳ್ಯದಲ್ಲಿ ಇಪ್ಪತ್ತು ಜನ ಬೆಳೆಗಾರರು ಇಳಿಸಿಕೊಳ್ಳುತ್ತಾರೆ.

ಮಧ್ಯರಾತ್ರಿಯೇ ಇರಲಿ ಅನ್ನುತ್ತಾನೆ ಅಭಿಷೇಕ್. ಊರೂರಿನವರು ಬಳಸುವ ಕೋಡ್, ಬೇಕಾದವರು ಇನ್ನೊಂದನ್ನು ಆರಿಸಿಕೊಳ್ಳಲಿ ಅಂತ.

ಯಾರೂ ಆರಿಸುವುದಿಲ್ಲ. ಸಿಕ್ಕಿದ್ದನ್ನೇ ಹಾಕಿಕೊಳ್ಳುತ್ತಾರೆ. ನಾನೂ ಆರಿಸಿರಲಿಲ್ಲ. ಮಧ್ಯರಾತ್ರಿ ಸಿಕ್ಕಿತು, ಅದೇ ಸತ್ಯ ಅಂದುಕೊಂಡೆ. ನಾಳೆ ಆ ಇಪ್ಪತ್ತು ಮನೆಯಲ್ಲೂ ಹಳೆಯ ಮಳೆ ಪುಸ್ತಕ ತೆರೆದು ನೋಡಿ, ಬರೆದವರದೇ ತಪ್ಪು ಅಂತಾರೆ. ಇಪ್ಪತ್ತು ಮುನಿಯಮ್ಮಂದಿರು ಕಳೆ ತೆಗೆಯಲು ಹೋಗುತ್ತಾರೆ.

ಸಂಜೆ

ಮಾವನಿಗೆ ತಪ್ಪೊಪ್ಪಿಕೊಂಡೆ. ನನಗೆ ಹೇಳಿ ಏನು ಪ್ರಯೋಜನ, ಅಲ್ಲಿ ಹೋಗಿ ಹೇಳು ಎಂದರು. ಕೆಲಸದವರ ಲೈನ್ ಮನೆಗೆ ಹೋದೆ. ಮುನಿಯಮ್ಮ ಒಲೆ ಮುಂದೆ. ತಪ್ಪು ನನ್ನದು, ನಾಳೆಯಿಂದ ಮತ್ತೆ ನೀವೇ ಅಳೆಯಬೇಕು ಎಂದೆ. ಖಾಲಿ ಸಾಲುಗಳ ವಿಷಯವನ್ನೂ ಹೇಳಿದೆ. ಆಕೆ ಎದ್ದು ಗೋಡೆಯ ಕ್ಯಾಲೆಂಡರ್ ತಂದು ನನ್ನ ಮಡಿಲಿಗಿಟ್ಟರು.

ಜೂನ್ 17ರಿಂದ ನಿನ್ನೆಯವರೆಗೆ ಪ್ರತಿ ಚೌಕದಲ್ಲೂ ಸಣ್ಣ ಅಂಕಿ. 26, 27, 28 ಕೂಡ. ಕೆಲಸದ ಹಾಜರಿಗೆ ಮೊದಲು, ದಿನಾ ಏಳಕ್ಕೆ, ಅಂಗಳದ ಹಳೇ ಡಬ್ಬಿಗೆ ಗೀಟು ಹಾಕಿದ ಬಿದಿರು ಕಡ್ಡಿ ಇಳಿಸಿ ಅಳೆದದ್ದು. ಗಾಜು ನಮ್ಮ ಮೇಜಿನ ಮೇಲಿತ್ತಲ್ಲ.

"ಬುಕ್ಕಲ್ಲಿ ಬರೀಬ್ಯಾಡ ಅಂದ್ರು. ಅಳೀಬ್ಯಾಡ ಅನ್ಲಿಲ್ವಲ್ಲ ಕಣವ್ವ," ಅಂದರು.

ಯಂತ್ರದ ಅಂಕಿ ಫೋನಿನಲ್ಲಿತ್ತು. ಅಲ್ಲೇ ನೆಲದ ಮೇಲೆ ಕೂತು ಏಳು ಗಂಟೆಯ ಲೆಕ್ಕಕ್ಕೆ ತಾಳೆ ನೋಡಿದೆ. ಯಂತ್ರ ಬದುಕಿದ್ದ ದಿನವೆಲ್ಲ ಸರಿ ಇದೆ. ಸತ್ತ ದಿನವೂ ಸರಿಯೇ ಇರಬೇಕು. ಇನ್ನು ಅನುಮಾನ ಪಡಲು ನಾನ್ಯಾರು?

ಜುಲೈ 6, ಬೆಳಗ್ಗೆ 6:50

ಖಾಲಿ ಸಾಲು ತುಂಬಿದೆ. ನಾನು ಬರೆದಿದ್ದ ದಿನಗಳನ್ನೂ ತಿದ್ದಿದೆ. ಏಳು ಗಂಟೆಯದನ್ನು ಡೀಫಾಲ್ಟ್ ಮಾಡಿದೆ. ಒಂದು ಕ್ಲಿಕ್, ಅಷ್ಟೇ. ಅಭಿಷೇಕನಿಗೆ ಕ್ಯಾಲೆಂಡರ್ ಫೋಟೋ ಕಳಿಸಿದ್ದೆ. ಸರಿ ಮಾರಾಯ್ತಿ ಅಂತಷ್ಟೇ ಬರೆದಿದ್ದಾನೆ.

ರಾತ್ರಿಯೆಲ್ಲ ಸುರಿದಿದೆ. ಅಂಗಳದಲ್ಲಿ ಮುನಿಯಮ್ಮ ಆಗಲೇ ನಿಂತಿದ್ದಾರೆ. ಯಂತ್ರದ ಅಂಕಿ ನೋಡಿಕೊಂಡು ಬರಬಾರದಂತೆ. ಇವತ್ತು ಗಾಜು ಹಿಡಿಯುವುದು ನಾನಂತೆ, ಅವರು ಪಕ್ಕದಲ್ಲಿ ನಿಂತು ನೋಡುವುದಂತೆ. ಕರೆಯುತ್ತಿದ್ದಾರೆ, ಏಳಾಯಿತು —