ತಾರಸಿಯ ಮೇಲಿನ ಮೂರು ದಿನ

ಅನ್ನೂರು
11-11-2024, ಸೋಮವಾರ ಸಂಜೆ

ಗುಂಡ್ಲುಪೇಟೆಯ ಜಗಲಿಯಲ್ಲಿ ನೆರೆದಿರುವ ಹಿರಿಯರೇ, ಕಿರಿಯರೇ, ಎಲೆಅಡಿಕೆ ಜಗಿಯುತ್ತ ಕಿವಿ ನೆಟ್ಟಿರುವ ಬಂಧುಗಳೇ, ನಿಮಗೆಲ್ಲ ಗೋವಿಂದಸಾಮಿಯ ನಮಸ್ಕಾರ. ನನ್ನ ಕಾಗದ ಬಂತೆಂದರೆ ಮನೆಮಂದಿಯೆಲ್ಲ ಸುತ್ತ ಕೂತು ಓದಿಸಿ ಕೇಳುತ್ತೀರೆಂದು ಬಲ್ಲೆ. ಆದರೆ ಈ ಸಲ ನಿಮ್ಮ ಪಾಲಿನ ಆಟ ಇಷ್ಟಕ್ಕೇ ಮುಗಿಯಿತು. ಪರದೆ ಎಳೆದಿದ್ದೇನೆ, ಎದ್ದು ಕಾಫಿಗೆ ಹೋಗಿ. ಮುಂದಿನದು ನನ್ನ ಹೆಂಡತಿ ಒಬ್ಬಳಿಗೆ.

ಪ್ರೀತಿಯ ಗಿರಿಜಾ,

ಅತ್ತೆಯವರ ಸೊಂಟದ ನೋವು ಹೇಗಿದೆ? ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಡುತ್ತಾರಾ? ನಿನ್ನ ಮಂಡಿಗೂ ಎಣ್ಣೆ ತಿಕ್ಕಿಕೋ, ಅವರನ್ನು ಎತ್ತಿ ಕೂರಿಸಿ ನೀನು ಮಲಗಿಬಿಡಬೇಡ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನನ್ನ ಗಂಟಲು ನಿನಗೆ ಗೊತ್ತಲ್ಲ, ಗುಟ್ಟು ಹೇಳಿದರೂ ಮೂರು ಮನೆಯಾಚೆ ಕೇಳುತ್ತದೆ. ಕಾರ್ತಿಕಾ ಇಲ್ಲೇ ಎದುರಿಗೆ ಕೂತು ಮೊಮ್ಮಗಳು ಭೂಮಿಗೆ ತಲೆ ಬಾಚುತ್ತಿದ್ದಾಳೆ. ತಮಿಳು ಶಾಲೆಯಲ್ಲಿ ಓದಿದ ನಮ್ಮ ಮಗಳಿಗೆ ಕನ್ನಡ ಅಕ್ಷರ ಬಾರದು, ಹಾಗಾಗಿ ಅವಳ ಕಣ್ಣೆದುರೇ ಧೈರ್ಯವಾಗಿ ಬರೆಯುತ್ತಿದ್ದೇನೆ. ಧೈರ್ಯ ಅಂದೆನಲ್ಲ, ಅಕ್ಷರ ಹೇಗೆ ಸೊಟ್ಟಗಾಗಿದೆ ನೋಡು.

ಗುರುವಾರ ತಿರುಪ್ಪೂರಿನ ಕೋರ್ಟಿನಲ್ಲಿ ಅವಳ ಡೈವೋರ್ಸ್ ಕೇಸು ವಿಚಾರಣೆಗೆ ಬಂತು. ನೀನು ತವರಿಗೆ ಹೊರಡುವಾಗ ಬಾಗಿಲಲ್ಲೇ ನಿಂತು ಹೇಳಿದ್ದೆ, ‘ಅವಳಿಗೆ ಏನೂ ಕಲಿಸಬೇಡಿ ರೀ, ಹೇಳಿಕೊಟ್ಟ ಮಾತು ಕಟ್ಟಿಕೊಟ್ಟ ಬುತ್ತಿ ಎಷ್ಟು ದಿನ ಬಂದೀತು’ ಅಂತ. ಕೇಳಿದೆನಾ ನಾನು? ಹದಿನೆಂಟು ವರ್ಷ ಊರ ನಾಟಕದಲ್ಲಿ ಭೀಮನಾಗಿ ಗದೆ ಬೀಸಿದವನಿಗೆ ಕೋರ್ಟೂ ಒಂದು ರಂಗದ ಹಾಗೆ ಕಂಡಿತು. ಹತ್ತು ದಿನ ಹಿತ್ತಿಲಲ್ಲಿ ತಾಲೀಮು ನಡೆಸಿದೆ. ನಾನೇ ವಕೀಲ, ನಾನೇ ನ್ಯಾಯಾಧೀಶ, ಬಟ್ಟೆ ಒಗೆಯುವ ಕಲ್ಲೇ ಕಟಕಟೆ. ಎಲ್ಲಿ ಉಸಿರು ಹಿಡಿಯಬೇಕು, ಯಾವ ಮಾತಿಗೆ ಸೆರಗು ಕಣ್ಣಿಗೆ ಹೋಗಬೇಕು, ಎಲ್ಲ ತಿದ್ದಿದೆ. ಭೂಮಿ ಈಗೀಗ ತನ್ನ ಗೊಂಬೆಯನ್ನು ಆ ಕಲ್ಲಿನ ಮೇಲೆ ನಿಲ್ಲಿಸಿ ‘ಅಳು, ಈಗ ಅಳು’ ಎನ್ನುತ್ತದೆ. ಆರು ವರ್ಷದ ಮಗು ಗಿರಿಜಾ.

ನಾನೂ ಸಾಕ್ಷಿಯೇ ಆದ್ದರಿಂದ ಒಳಗೆ ಬಿಡಲಿಲ್ಲ. ಬಾಗಿಲಾಚೆ ನಿಂತಿದ್ದೆ, ಪರದೆಯ ಮಗ್ಗುಲಲ್ಲಿ ನಿಂತ ಹಾಗೆ. ಅಳಿಯ ದಿವಾಕರನ ವಕೀಲ ಗೋಪಿನಾಥ್ ಎನ್ನುವವರು ನನ್ನ ತಾಲೀಮಿನ ಸಾಲಿನಲ್ಲಿ ಪ್ರಶ್ನೆ ಕೇಳಲಿಲ್ಲ. ಮದುವೆ ಯಾವ ಮಂಟಪದಲ್ಲಿ ಆಯಿತಮ್ಮಾ ಎಂದು ಕೇಳಿದರೆ ನಮ್ಮ ಹುಡುಗಿ ‘ಬಿಸಿಲಲ್ಲಿ ಮಗು ಬಾಡಿ ಹೋಯ್ತು ಸಾರ್’ ಎಂದು ಸೆರಗಿಗೆ ಕೈ ಹಾಕಿದಳಂತೆ. ಒಳಗೆ ಯಾರೋ ನಕ್ಕದ್ದು ನನಗೇ ಕೇಳಿಸಿತು. ಆಮೇಲೆ ಆ ತಾರಸಿಯ ವಿಷಯ ಬಂತು, ಏಪ್ರಿಲ್ ಬಿಸಿಲಲ್ಲಿ ದಿವಾಕರ ತಾಯಿ ಮಗು ಇಬ್ಬರನ್ನೂ ಮೇಲೆ ಹತ್ತಿಸಿ ಬಾಗಿಲು ಜಡಿದದ್ದು. ಎಷ್ಟು ದಿನ ಎಂದರು. ‘ಮೂರು ದಿನ’ ಎಂದಳು, ತಾರೀಖನ್ನೂ ಹೇಳಿದಳು. ಅವರು ಮೆಲ್ಲಗೆ ಭೂಮಿಯ ಶಾಲೆಯ ಡೈರಿ ತೆಗೆದರು, ಕಾರ್ತಿಕಾ ಗಂಡನ ಮನೆ ಬಿಟ್ಟು ಬರುವಾಗ ಅಲ್ಲೇ ಉಳಿದದ್ದು. ಆ ಮೂರೂ ದಿನ ಮಗು ಶಾಲೆಗೆ ಹೋಗಿದೆ. ಮೂರೂ ದಿನ ಹೋಮ್‌ವರ್ಕಿನ ಕೆಳಗೆ ಕಾರ್ತಿಕಾಳ ಸಹಿ ಇದೆ. ‘ಯಾರಮ್ಮಾ ನಿನಗೆ ಹೇಳಿಕೊಟ್ಟದ್ದು?’ ಎಂದು ನ್ಯಾಯಾಧೀಶರು ಕೇಳಿದರಂತೆ. ಯಾರೂ ಇಲ್ಲ ಎಂದಳಂತೆ.

ನಮ್ಮ ವಕೀಲರು ವಿಜಯಕುಮಾರಿ ಹೊರಗೆ ಬಂದವರು ಮುಖ ಕೊಟ್ಟು ಮಾತಾಡಲಿಲ್ಲ. ‘ಒಂದು ಸುಳ್ಳು ಸಿಕ್ಕರೆ ಎಲ್ಲವೂ ಸುಳ್ಳು ಅಂತಾರೆ ಅಯ್ಯಾ. ಮಗುವನ್ನು ತನಗೇ ಕೊಡಿ ಅನ್ನುವ ಅವನ ಅರ್ಜಿಗೆ ಬಲ ಬಂತು. ಮಂಗಳವಾರ ನಿಮ್ಮ ಸಾಕ್ಷಿ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ’ ಎಂದು ಹೊರಟರು. ಅವತ್ತಿನಿಂದ ಬೀದಿಯಲ್ಲಿ ಬೈಕು ನಿಂತ ಸದ್ದಾದರೂ ನನ್ನ ಕೈ ಭೂಮಿಯ ಭುಜಕ್ಕೆ ಹೋಗುತ್ತದೆ. ಅವತ್ತು ವಾಪಸು ಬರುವ ಬಸ್ಸು ಅವಿನಾಶಿ ದಾಟಿದಾಗ ಕಾರ್ತಿಕಾ ಕಿಟಕಿಯ ಕಡೆ ನೋಡುತ್ತಲೇ ‘ಒಂದು ದಿನ ಸಾಕಾಗ್ತಿತ್ತಲ್ಲಪ್ಪಾ’ ಎಂದಳು.

ಅತ್ತೆಯವರಿಗೆ ನನ್ನ ನಮಸ್ಕಾರ, ಅಲ್ಲಿನ ಮಕ್ಕಳ ತಲೆಯ ಮೇಲೆ ನನ್ನ ಹೆಸರಲ್ಲಿ ಕೈ ಇಡು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ,
ಗೋವಿಂದಸಾಮಿ

ಇನ್ನೊಂದು: ಆ ಮೂರು ಎಲ್ಲಿಂದ ಬಂತು ಎಂದು ನೀನು ಕೇಳದೆ ಬಿಡುವವಳಲ್ಲ. ಮಗಳು ನನಗೆ ಹೇಳಿದ್ದು ಒಂದೇ ಮಧ್ಯಾಹ್ನ, ಮಗು ಅರ್ಧ ದಿನದ ಶಾಲೆ ಮುಗಿಸಿ ಬಂದ ಮೇಲೆ, ಹನ್ನೆರಡರಿಂದ ನಾಲ್ಕು. ಅದು ನನಗೆ ಸಣ್ಣದಾಗಿ ಕಂಡಿತು. ‘ಮೂರು ದಿನ ಅನ್ನು, ಸಭೆ ಅಲುಗಬೇಕು’ ಎಂದೆ. ಬೇಡಪ್ಪಾ ಎಂದಳು, ಗದರಿಸಿದೆ. ಈಗ ನನ್ನನ್ನು ಉಳಿಸಲೆಂದೇ ಕೋರ್ಟಿನಲ್ಲಿ ‘ಯಾರೂ ಹೇಳಿಕೊಟ್ಟಿಲ್ಲ’ ಎಂದಿದ್ದಾಳೆ. ನಿಜ ಹೇಳಿದರೆ ಕೇಸು ಉಳಿಯುತ್ತದೋ, ಮುಳುಗುತ್ತದೋ, ನನ್ನನ್ನೇ ಒಳಗೆ ಹಾಕುತ್ತಾರೋ ತಿಳಿಯದು. ಯಾರನ್ನೂ ಕೇಳಿಲ್ಲ. ಈ ಕಾಗದ ನಿನ್ನ ಕೈ ಸೇರುವಷ್ಟರಲ್ಲಿ ಆಗಿಹೋಗಿರುತ್ತದೆ. ನಾಳೆ ಬೆಳಿಗ್ಗೆ ಆರರ ಬಸ್ಸಿಗೆ ಒಬ್ಬನೇ ಹೊರಟು, ಮೊದಲು ವಿಜಯಕುಮಾರಿಯವರ ಮನೆ ಬಾಗಿಲು ತಟ್ಟಿ ಇದನ್ನೆಲ್ಲ ಹೇಳುತ್ತೇನೆ. ಆಮೇಲೆ ಕಟಕಟೆ ಹತ್ತಿ, ಗಂಟಲು ಏರಿಸದೆ, ಮೂರು ಎಂದವನು ನಾನು, ಒಂದು ಎಂದವಳು ನನ್ನ ಮಗಳು ಎಂದು ಹೇಳುತ್ತೇನೆ.