ಜೊಂಡಿನ ಆಚೆ

27 ಜನವರಿ 2004, ಮಂಗಳವಾರ

ಇವತ್ತೂ ಎಂಟರ ಬಸ್ಸು ತಪ್ಪಿತು. ವಿದ್ಯಾನಗರದಿಂದ ಭದ್ರಾವತಿಯ ಹೊಳೆದಂಡೆ ಮುಟ್ಟುವಷ್ಟರಲ್ಲಿ ಗಿಡದ ಕೆಲಸಕ್ಕೆ ಬರುವ ದುರ್ಗಮ್ಮ ಅರ್ಧ ಸಸಿಗಳಿಗೆ ನೀರು ಹಾಕಿಯಾಗಿತ್ತು. ಮರಳು ಬಗೆದು ಬೋಳಾಗಿದ್ದ ಜಾಗ ಇದು. ನಾವು ನೆಟ್ಟ ಹೊಳೆಮತ್ತಿ, ನೀರಂಜಿ ಗಿಡಗಳು ಈಗ ಎದೆಯೆತ್ತರ. ಜೊಂಡು ನನ್ನನ್ನೂ ಮೀರಿದೆ. ಕೆಸರಿನಲ್ಲಿ ಏನೋ ಜಾರಿ ನೀರಿಗಿಳಿದ ಗುರುತು... ನೀರುನಾಯಿ! ಖುಷಿಗೆ ದುರ್ಗಮ್ಮನಿಗೂ ಮಸಾಲೆದೋಸೆ ಕೊಡಿಸಿದೆ.

2 ಫೆಬ್ರವರಿ

ನೀರುನಾಯಿ ಅಲ್ಲ. ಮೊಸಳೆ. ಎದುರಿನ ಮರಳುದಿಬ್ಬದ ಮೇಲೆ ಬಾಯಿ ತೆರೆದು ಬಿಸಿಲು ಕಾಯಿಸಿಕೊಳ್ಳುತ್ತಿತ್ತು. ಆಳಿಗಿಂತ ಉದ್ದ.

ಪ್ರಾಣಿಗಳು ಬರಲಿ ಅಂತ ತಾನೇ ನೆಟ್ಟಿದ್ದು? ಬಂದಿದೆ. ಈಗ ಹೆದರುವವಳೂ ನಾನೇ. ಹೇಳಿದರೆ ಊರವರು ಎಲ್ಲ ಕಡಿದು ಬೆಂಕಿ ಹಾಕುತ್ತಾರೆ. ಹೇಳದಿದ್ದರೆ... ಬಟ್ಟೆ ಒಗೆಯುವವರು ಅಲ್ಲೇ ಇಳಿಯುವುದು.

3 ಫೆಬ್ರವರಿ

ನಿದ್ದೆಯಿಲ್ಲ. ದುರ್ಗಮ್ಮನಿಗೆ ಹೇಳಿಬಿಟ್ಟೆ. ಕಿರುಚುತ್ತಾಳೆ ಅಂದುಕೊಂಡರೆ ಹೊಳೆ ಕಡೆ ತಿರುಗಿ ಕೈ ಮುಗಿದಳು!

"ಗಂಗಮ್ಮನ ವಾಹನ ಕಣ್ರೀ ಮೇಡಂ. ನಾವು ನೆಟ್ಟಿರೋ ಜಾಗಕ್ಕೇ ಬಂದೈತೆ ನೋಡಿ. ನಮ್ ಕವನಂದು ಬಾಣಂತನ ಮುಗೀತು, ಗಂಗೆಪೂಜೆ ನಲ್ಲಿ ಹತ್ರಾನೇ ಮಾಡಿ ಮುಗ್ಸಾಣ ಅಂತಿದ್ವಿ. ಇನ್ನು ಇಲ್ಲೇ ಮಾಡ್ತೀವಿ."

"ಮಾರಾಯ್ತಿ, ಅದು ಕಾಲು ಹಿಡಿದ್ರೆ ಬಿಡಲ್ಲ!"

"ಪೂಜೆಗ್ ಬಂದೋರ್ನ ಏನೂ ಮಾಡಲ್ಲ ಬಿಡಿ."

ಯಾಕಾದರೂ ಹೇಳಿದೆನೋ. ಅವಳ ಮಗಳು ಕವನ, ಕವನಳ ಎಳೆ ಮಗು...

12 ಫೆಬ್ರವರಿ, ಗುರುವಾರ

ಅರಣ್ಯ ಇಲಾಖೆಗೆ ತಿಳಿಸಿದೆ; ಬೇಲಿ, ಬೋರ್ಡು ಶನಿವಾರ ಬರುತ್ತವಂತೆ. ಪೂಜೆ ನಾಳೆ. ಬೇಡಿಕೊಂಡೆ, ರೇಗಿದೆ, ಅತ್ತೂ ಬಿಟ್ಟೆ. ಕೊನೆಗೆ ದುರ್ಗಮ್ಮ ಒಪ್ಪಿದಳು: ಪೂಜೆ ದಂಡೆಯ ಮೇಲೇ, ಯಾರೂ ನೀರಿಗಿಳಿಯುವುದಿಲ್ಲ. ಹೊಳೆ ನೀರನ್ನು ಬಕೆಟಿನಲ್ಲಿ ನಾನೇ ತಂದಿಡಬೇಕು. ನಾನು ಇಳಿಯಬೇಕು ಅಂದಹಾಗಾಯಿತು. ಇರಲಿ.

13 ಫೆಬ್ರವರಿ, ಬೆಳಿಗ್ಗೆ

ಬಕೆಟ್ ತುಂಬಿಸಿಟ್ಟೆ. ಇಳಿದು ಹತ್ತುವಷ್ಟರಲ್ಲಿ ಜೀವ ಬಾಯಿಗೆ ಬಂದಿತ್ತು. ಮೊಸಳೆ ದಿಬ್ಬದ ಮೇಲೆ ಮಲಗಿದೆ. ಅಲ್ಲೇ ಇರಲಿ ತಾಯಿ. ಸುಮ್ಮನೆ ಕೂರಲಾಗದೆ ಇದನ್ನು ಗೀಚುತ್ತಿದ್ದೇನೆ. ದುರ್ಗಮ್ಮನ ಮನೆಯವರು ಇನ್ನೂ ಬಂದಿಲ್ಲ.

ಮಗು ಅಳುವುದು ಕೇಳಿಸುತ್ತಿದೆ. ದಾರಿಯ ಕಡೆಯಿಂದ ಅಲ್ಲ — ಕೆಳಗಿನಿಂದ, ಜೊಂಡಿನ ಆಚೆಯಿಂದ. ಬಟ್ಟೆ ಒಗೆಯುವವರ ಕಾಲುದಾರಿಯಲ್ಲಿ ಬಂದರೇ? ನಾನೇ ನೆಟ್ಟ ಜೊಂಡು, ಆಚೆ ಏನೂ ಕಾಣುವುದಿಲ್ಲ. ದುರ್ಗಮ್ಮನ ದನಿ: "ಒಂದೇ ಒಂದ್ ಬಿಂದಿಗೆ ಕಣವ್ವ, ಬಕೆಟ್ ನೀರಿಗೆ ಪೂಜೆ ಮಾಡಕ್ಕಾಗ್ತದಾ?"

ದಿಬ್ಬ ಖಾಲಿ.

ಕೂಗಿದೆ. ಮಗುವಿನ ಅಳುವಿನಲ್ಲಿ ಅವರಿಗೆ ಕೇಳಿಸಿಲ್ಲ. ಬಿಂದಿಗೆ ಮುಳುಗಿಸಿದ ಸದ್ದು — ಕವನ ನೀರಿಗಿಳಿ—